ಕಾರು ಹೋಗಲಿ, ಮನೆ ಉಳಿಯಲಿ

ಭಾನುವಾರ ಸಂಜೆ ಬ್ಯಾಂಕಿನ ಕಾಗದ ಹಿಡಿದುಕೊಂಡು ನಮ್ಮ ಹತ್ತಿರ ಬರುವವರು ಮೊದಲು ಕೇಳುವುದು ಸಾಲ ತೀರಿಸುವುದು ಹೇಗೆ ಅಂತ ಅಲ್ಲ. "ಕಾರು ಉಳಿಸಿಕೊಳ್ಳಲಿಕ್ಕೆ ಏನಾದರೂ ದಾರಿ ಉಂಟಾ?" ಅಂತ. ಊರಿನ ಮನೆಯ ವಿಷಯ ಬರುವುದು ಚಹಾ ಮುಗಿಯುವ ಹೊತ್ತಿಗೆ, ಅದೂ ದನಿ ತಗ್ಗಿಸಿ. "ಅಲ್ಲಿಯೂ ನಾಲ್ಕು ಕಂತು ನಿಂತಿದೆ. ಉಮ್ಮನಿಗೆ ಗೊತ್ತಿಲ್ಲ."

ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ನಮ್ಮ ಅಭಿಪ್ರಾಯ. ನಾವು ವಕೀಲರಲ್ಲ. ಬಿ.ಕಾಂ. ಮುಗಿಸಿ ದುಬೈಗೆ ಬಂದು, ಇನ್ನೊಬ್ಬರ ಕಂಪೆನಿಯ ಜಮಾ ಖರ್ಚು ಬರೆಯುತ್ತಾ ತಲೆ ನರೆತವರು. ಕೋರ್ಟಿನ ಮಾತು ಬಂದಾಗ ವಕೀಲರನ್ನೇ ಕೇಳಬೇಕು. ಆದರೆ ಕೋರ್ಟಿಗೆ ಹೋಗುವ ಮೊದಲೇ ಹಾಳಾಗುವ ಸಂಸಾರಗಳು ಹೆಚ್ಚು, ಅಲ್ಲಿ ಬೇಕಾಗಿರುವುದು ಕಾನೂನಿಗಿಂತ ಲೆಕ್ಕ. ಇಲ್ಲಿ ಬರೆಯುವುದೆಲ್ಲ ಯುಎಇಯಲ್ಲಿ ದುಡಿಯುವವರನ್ನು ಮನಸ್ಸಿನಲ್ಲಿಟ್ಟು. ಸೌದಿ, ಕತಾರ್, ಕುವೈತಿನ ನಿಯಮಗಳು ಬೇರೆ ಬೇರೆ. ಊರಿನ ಮನೆಯ ಭಾಗ ಮಾತ್ರ ಎಲ್ಲರಿಗೂ ಒಂದೇ.

ಒಬ್ಬರ ಲೆಕ್ಕವನ್ನು ಹೇಳುತ್ತೇವೆ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇವೆ. ಬಂಟ್ವಾಳದ ಕಡೆಯವರು, ಶಾರ್ಜಾದಲ್ಲಿ ವಾಸ, ದುಬೈಯ ಕಂಟ್ರಾಕ್ಟಿಂಗ್ ಕಂಪೆನಿಯೊಂದರಲ್ಲಿ ಸ್ಟೋರಿನ ಕೆಲಸ. ಸಂಬಳ 6,000 ದಿರ್ಹಮ್. 90,000ದ ಕಾರಿಗೆ 72,000 ಸಾಲ, ಐದು ವರ್ಷಕ್ಕೆ, ಕಂತು 1,380. ತಂಗಿಯ ಮದುವೆಗೆ ತೆಗೆದ ಪರ್ಸನಲ್ ಲೋನಿನ ಕಂತು 1,300. ಎರಡೂ ಸೇರಿ 2,680. ಇಲ್ಲಿಯ ಕೇಂದ್ರ ಬ್ಯಾಂಕಿನ 2011ರ ನಿಯಮದಂತೆ ಕಂತುಗಳೆಲ್ಲ ಸೇರಿ ಸಂಬಳದ ಅರ್ಧ ದಾಟಬಾರದು. ಅಂದರೆ 3,000ದ ಒಳಗೆ ಇದ್ದಾರೆ, ಬ್ಯಾಂಕಿನ ಕಣ್ಣಿಗೆ ಒಳ್ಳೆಯ ಗಿರಾಕಿ. ಆದರೆ ಊರಿನಲ್ಲಿ ಮನೆ ಕಟ್ಟಲು ತೆಗೆದ 35 ಲಕ್ಷದ ಸಾಲದ ಕಂತು ತಿಂಗಳಿಗೆ ಸುಮಾರು 35,000 ರೂಪಾಯಿ. ದಿರ್ಹಮಿಗೆ 23 ರೂಪಾಯಿ ಹಿಡಿದರೆ 1,520 ದಿರ್ಹಮ್. ಇದು ಅಲ್ ಇತ್ತಿಹಾದ್ ಕ್ರೆಡಿಟ್ ಬ್ಯೂರೋದ ವರದಿಯಲ್ಲಿ ಕಾಣುವುದಿಲ್ಲ, ಕಾರಿನ ಸಾಲದ ಫಾರಂ ತುಂಬುವಾಗ ಇವರೂ ಹೇಳಲಿಲ್ಲ. ಒಟ್ಟು ಕಂತು 4,200. ಉಳಿದ 1,800ರಲ್ಲಿ ಬಾಡಿಗೆ, ಊಟ, ಪೆಟ್ರೋಲ್, ಊರಿನ ಖರ್ಚು, ಮಕ್ಕಳ ಶಾಲೆ.

ಇದು ನಡೆಯುವ ಲೆಕ್ಕವೇ ಅಲ್ಲ ಮಾರಾಯ್ರೆ. ಓವರ್‌ಟೈಮ್ ಇರುವ ತನಕ ನಡೆಯಿತು. ಓವರ್‌ಟೈಮ್ ನಿಂತಿತು, ಮತ್ತೆ ಸಂಬಳ ಎರಡು ತಿಂಗಳು ತಡವಾಯಿತು, ಅಲ್ಲಿಗೆ ಕ್ರೆಡಿಟ್ ಕಾರ್ಡು ಕೈಗೆ ಬಂತು. ಕಾರಿನ ಕಂತು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಯಾಕೆಂದರೆ ಕಾರು ರೂಮಿನ ಕೆಳಗೆ ನಿಂತಿರುತ್ತದೆ, ನಾಲ್ಕು ಜನ ನೋಡುತ್ತಾರೆ. ನಿಲ್ಲಿಸಿದ್ದು ಊರಿನ ಮನೆಯ ಕಂತು. ಅದು ಯಾರಿಗೂ ಕಾಣುವುದಿಲ್ಲವಲ್ಲ.

ಇಂಥವರ ಕಿವಿಗೆ ಯಾರೋ ಊದುತ್ತಾರೆ: ಇಲ್ಲಿ ದಿವಾಳಿ ಕಾನೂನು ಬಂದಿದೆ, ಅರ್ಜಿ ಹಾಕಿದರೆ ಸಾಲ ಹೋಗುತ್ತದೆ, ಕಾರು ಮನೆ ಎರಡೂ ಉಳಿಯುತ್ತದೆ. ನಮ್ಮ ಊರಿನಲ್ಲಿ ಹಿಂದೆ 'ಪಾಪರ್ ಚೀಟಿ' ಎನ್ನುತ್ತಿದ್ದರಲ್ಲ, ಅದರ ಬಗ್ಗೆಯೂ ಇದೇ ನಂಬಿಕೆ ಇತ್ತು. ಇದು ಅರ್ಧ ಸತ್ಯ. ದಿವಾಳಿ ಕಾನೂನು ಯಾವ ದೇಶದ್ದೇ ಇರಲಿ, ಅದು ಮನುಷ್ಯನ ಮೇಲಿನ ಒತ್ತಡವನ್ನು ಇಳಿಸುತ್ತದೆ. ವಸ್ತುವಿನ ಮೇಲಿರುವ ಅಡಮಾನವನ್ನು ಅಳಿಸುವುದಿಲ್ಲ. ಕ್ರೆಡಿಟ್ ಕಾರ್ಡಿನ ಸಾಲಕ್ಕೆ ಆಧಾರ ನಿಮ್ಮ ಸಹಿ ಮಾತ್ರ. ಕಾರಿನ ಸಾಲಕ್ಕೆ ಆಧಾರ ಕಾರು, ಮನೆ ಸಾಲಕ್ಕೆ ಆಧಾರ ಮನೆಯ ದಸ್ತಾವೇಜು. ಸಾಲಗಾರ ಎಷ್ಟೇ ಪಾಪರ್ ಆಗಲಿ, ಅಡಮಾನ ಇಟ್ಟುಕೊಂಡ ಬ್ಯಾಂಕು ಸಾಲಿನಲ್ಲಿ ಮುಂದೆ ನಿಂತಿರುತ್ತದೆ. ಆ ವಸ್ತು ಬೇಕಾದರೆ ಅದರ ಕಂತು ಕಟ್ಟುತ್ತಲೇ ಇರಬೇಕು. ಮೂರನೆಯ ದಾರಿ ಇಲ್ಲ.

ಯುಎಇಯಲ್ಲಿ ವ್ಯಕ್ತಿಗಳ ದಿವಾಳಿಗೆಂದು 2019ರ 19ನೇ ಫೆಡರಲ್ ಕಾನೂನು ಇದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ವ್ಯಾಪಾರದ ಲೈಸೆನ್ಸ್ ಇರುವವರಿಗೆ ಬೇರೆ ಕಾನೂನು, ಇದು ಸಂಬಳದವರಿಗೆ. ಇದರಲ್ಲಿ ಎರಡು ಬಾಗಿಲು. ಮೊದಲನೆಯದು, ಇನ್ನೂ ಮುಳುಗಿಲ್ಲ ಆದರೆ ಮುಳುಗುತ್ತೇವೆ ಎಂದು ಕಾಣುವವನಿಗೆ: ಕೋರ್ಟಿಗೆ ಅರ್ಜಿ ಹಾಕಿದರೆ ಒಬ್ಬ ತಜ್ಞನನ್ನು ನೇಮಿಸಿ, ಸಾಲ ಕೊಟ್ಟವರ ಜೊತೆ ಕೂತು, ಹೆಚ್ಚೆಂದರೆ ಮೂರು ವರ್ಷದ ಒಂದು ತೀರುವಳಿ ಯೋಜನೆ ಮಾಡುತ್ತಾರೆ. ಎರಡನೆಯದು ನಿಜವಾದ ದಿವಾಳಿ: ಕಟ್ಟಬೇಕಾದ ಸಾಲವನ್ನು ಸತತ 50 ಕೆಲಸದ ದಿನಗಳಿಗಿಂತ ಹೆಚ್ಚು ಕಟ್ಟಲಾಗದವನದ್ದು. ಇದರಲ್ಲಿ ಇರುವ ಆಸ್ತಿ ಮಾರಿ ಹಂಚುತ್ತಾರೆ. ಎರಡು ಲಕ್ಷ ದಿರ್ಹಮಿಗಿಂತ ದೊಡ್ಡ ಸಾಲ ಕೊಟ್ಟವರು ತಾವೇ ಕೋರ್ಟಿಗೆ ಹೋಗಿ ಈ ಬಾಗಿಲು ತೆರೆಸಬಹುದು. ನಮ್ಮವರಿಗೆ ಪ್ರಯೋಜನ ಇರುವುದು ಮೊದಲ ಬಾಗಿಲು. ಬರುವವರೆಲ್ಲ ನಿಂತಿರುವುದು ಎರಡನೆಯದರ ಮುಂದೆ.

ಹಾಗಾದರೆ ಕಾರನ್ನು ಎಂತ ಮಾಡುವುದು? ಮಾರಬೇಕು. ಬ್ಯಾಂಕು ಎಳೆದುಕೊಂಡು ಹೋಗುವ ಮೊದಲು, ಕಂತು ಇನ್ನೂ ತಪ್ಪದೆ ಇರುವಾಗಲೇ ಮಾರಬೇಕು.

ಮೇಲೆ ಹೇಳಿದವರ ಕಾರಿಗೆ ಎರಡು ವರ್ಷ ಕಂತು ಕಟ್ಟಿ ಆಗಿತ್ತು, ಇನ್ನೂ ಸುಮಾರು 45,600 ಬಾಕಿ. ಖರೀದಿಸುವವ 52,000 ಕೊಡಲು ಸಿದ್ಧನಿದ್ದ. ಬ್ಯಾಂಕಿನಿಂದ ಬಾಕಿಯ ಪತ್ರ ತೆಗೆದು, ಅವನು ಬ್ಯಾಂಕಿಗೆ ನೇರ ಹಣ ಕಟ್ಟಿ, ಅವಧಿಗೆ ಮುಂಚೆ ತೀರಿಸುವ ಶುಲ್ಕ ಶೇ. 1 ಸೇರಿಸಿದರೂ 5,900 ದಿರ್ಹಮ್ ಕೈಯಲ್ಲಿ ಉಳಿಯುತ್ತದೆ. ಮುಲ್ಕಿಯದಲ್ಲಿ ಇರುವ ಅಡಮಾನ ತೆಗೆಸಿ ಹೆಸರು ಬದಲಾಯಿಸುವುದು ಒಂದು ದಿನದ ಓಡಾಟ. ಅದೇ ಕಾರನ್ನು ಆರು ತಿಂಗಳು ಕಳೆದು ಬ್ಯಾಂಕು ಹರಾಜು ಹಾಕಿ 40,000 ಬಂತು ಎಂದಿಟ್ಟುಕೊಳ್ಳಿ. ಕಾರೂ ಹೋಯಿತು, ಬಡ್ಡಿ, ದಂಡ, ಯಾರ್ಡಿನ ಬಾಡಿಗೆ ಸೇರಿದ ಬಾಕಿಯೂ ಹೆಗಲ ಮೇಲೆಯೇ ಉಳಿಯಿತು. ಕಾರು ಹೋದರೆ ಸಾಲವೂ ಹೋಗುತ್ತದೆ ಎಂದು ನಂಬಿದವರು ನಮ್ಮಲ್ಲಿ ತುಂಬಾ ಮಂದಿ. ಹಾಗೆ ಆಗುವುದಿಲ್ಲ. ಹರಾಜಿನಲ್ಲಿ ಕಡಿಮೆ ಬಿದ್ದ ಹಣವನ್ನು ನಿಮ್ಮಿಂದಲೇ ಕೇಳುತ್ತಾರೆ.

ಇಸ್ಲಾಮಿಕ್ ಬ್ಯಾಂಕಿನಲ್ಲಿ ತೆಗೆದಿದ್ದೇವೆ, ನಮಗೆ ಇದು ಅನ್ವಯ ಆಗುತ್ತದಾ ಅಂತ ಕೆಲವರು ಕೇಳುತ್ತಾರೆ. ಮುರಾಬಹ ಆದರೆ ಬ್ಯಾಂಕು ಕಾರು ಖರೀದಿಸಿ ಲಾಭ ಸೇರಿಸಿ ನಿಮಗೆ ಮಾರಿರುತ್ತದೆ, ಕಾರು ನಿಮ್ಮದು, ಅಡಮಾನ ಬ್ಯಾಂಕಿನದು, ಮೇಲಿನ ಲೆಕ್ಕವೇ ನಡೆಯುತ್ತದೆ. ಇಜಾರ ಆದರೆ ಕೊನೆಯ ಕಂತಿನ ತನಕ ಕಾರು ಬ್ಯಾಂಕಿನದ್ದೇ, ನೀವು ಬಾಡಿಗೆದಾರ. ಒಪ್ಪಂದದ ಮೊದಲ ಪುಟ ನೋಡಿದರೆ ಗೊತ್ತಾಗುತ್ತದೆ. ಆ ಪುಟ ಓದಿದವರನ್ನು ನಾವು ಇಷ್ಟರವರೆಗೆ ಕಂಡಿಲ್ಲ, ಅದು ಬೇರೆ ಮಾತು.

ಒಂದು ಅಪವಾದ ಉಂಟು. ಕಾರೇ ಅನ್ನ ಕೊಡುವುದಾದರೆ, ಅಂದರೆ ಸೇಲ್ಸ್‌ನವರು, ಡೆಲಿವರಿಯ ವ್ಯಾನ್ ಇಟ್ಟುಕೊಂಡವರು, ಅವರು ಅದನ್ನು ಉಳಿಸಿಕೊಳ್ಳಬೇಕು. ಬ್ಯಾಂಕಿನಲ್ಲಿ ಕೂತು ಕಂತು ಇಳಿಸಿಕೊಳ್ಳಬೇಕು, ಬೇರೆ ಎಲ್ಲವನ್ನೂ ಆಮೇಲೆ ನೋಡಬೇಕು. ಆದರೆ ಶಾರ್ಜಾದಿಂದ ದುಬೈಗೆ ಬಸ್ಸು ಇರುವಾಗ ಸ್ಟೋರ್‌ಕೀಪರನಿಗೆ ಕಾರು ಅನ್ನ ಅಲ್ಲ, ವಾಟ್ಸ್ಆ್ಯಪ್‌ನ ಫೋಟೋ. ಕಟುವಾಗಿ ಹೇಳಿದೆವು ಅಂತ ಬೇಜಾರು ಮಾಡಬೇಡಿ. ಬಾಡಿಗೆ ಉಳಿಸಲು ದೂರದ ಎಮಿರೇಟಿನಲ್ಲಿ ಮನೆ ಮಾಡಿ, ಉಳಿದ ಬಾಡಿಗೆಯನ್ನು ಕಾರಿನ ಕಂತಿಗೆ ಕಟ್ಟಿದ ತಪ್ಪು ನಮ್ಮ ಲೆಕ್ಕಪುಸ್ತಕದಲ್ಲಿಯೂ ಇದೆ.

ಇನ್ನು ಓಡಿಹೋಗುವ ವಿಚಾರ. 2008-09ರ ಕುಸಿತದ ಸಮಯದಲ್ಲಿ ದುಬೈ ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ಕಾರು ಬಿಟ್ಟು ವಿಮಾನ ಹತ್ತಿದವರ ಕತೆ ಎಲ್ಲರಿಗೂ ಗೊತ್ತು. ಆಗ ಚೆಕ್ ಬೌನ್ಸ್ ಆದರೆ ಜೈಲು ಎಂಬ ಹೆದರಿಕೆ ಇತ್ತು. 2022ರ ಜನವರಿಯಿಂದ ಆ ಕಾನೂನು ಬದಲಾಗಿದೆ. ಖಾತೆಯಲ್ಲಿ ಹಣ ಇಲ್ಲದೆ ಚೆಕ್ ವಾಪಸು ಬಂದದ್ದು ಈಗ ಅಷ್ಟಕ್ಕೇ ಅಪರಾಧ ಅಲ್ಲ. ಚೆಕ್ ಹಿಡಿದವರು ನೇರವಾಗಿ ಜಾರಿ ನ್ಯಾಯಾಲಯಕ್ಕೆ ಹೋಗಿ ವಸೂಲಿ ಕೇಳಬಹುದು, ಪ್ರಯಾಣ ನಿಷೇಧ ಹಾಕಿಸಬಹುದು. ಬೇಕೆಂದೇ ಖಾತೆ ಮುಚ್ಚಿದರೆ, ಪಾವತಿ ತಡೆಯಲು ಹೇಳಿದರೆ, ಸಹಿ ತಪ್ಪಾಗಿ ಹಾಕಿದರೆ ಅದು ಈಗಲೂ ಅಪರಾಧವೇ.

ವಿಮಾನ ಹತ್ತಿದರೆ ಮುಗಿಯಿತು ಎನ್ನುವವರು ಇನ್ನೊಂದು ತಾರೀಕು ನೆನಪಿಡಬೇಕು: 2020ರ ಜನವರಿ 17. ಅಂದು ಭಾರತ ಸರಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 44ಎ ಅಡಿಯಲ್ಲಿ ಯುಎಇಯನ್ನು ಅಧಿಸೂಚಿತ ದೇಶವಾಗಿ ಘೋಷಿಸಿತು. ದುಬೈ ಕೋರ್ಟಿನ ಹಣದ ತೀರ್ಪನ್ನು ಈಗ ಮಂಗಳೂರಿನ ಜಿಲ್ಲಾ ನ್ಯಾಯಾಲಯದಲ್ಲಿ ಸಲ್ಲಿಸಿ, ಅಲ್ಲಿಯದೇ ತೀರ್ಪು ಎಂಬಂತೆ ಜಾರಿ ಮಾಡಿಸಬಹುದು. ನಮ್ಮ ಮಾತು ಕೇಳದೆ ಕೊಟ್ಟ ತೀರ್ಪು ಎಂದು ಅಲ್ಲಿ ತಕರಾರು ತೆಗೆಯಲು ಅವಕಾಶ ಇದೆ, ಆದರೆ ಅದಕ್ಕೆ ವಕೀಲರ ಫೀಸು, ವರ್ಷಗಟ್ಟಲೆ ಅಲೆದಾಟ. ಅಂದರೆ ಏರ್‌ಪೋರ್ಟಿನಲ್ಲಿ ಬಿಟ್ಟ ಕಾರಿನ ಬಾಕಿ ಒಂದು ದಿನ ಊರಿನ ಮನೆಯ ಮೇಲೆಯೇ ಬಂದು ಕೂರಬಹುದು. ಕಾರನ್ನು ಸರಿಯಾಗಿ ಮುಗಿಸಿ ಎಂದು ನಾವು ಹಟ ಹಿಡಿಯುವುದಕ್ಕೆ ಮುಖ್ಯ ಕಾರಣ ಇದೇ.

ಕೆಲಸ ಹೋದವರಿಗೆ ಎರಡು ಮಾತು ಇಲ್ಲಿಯೇ ಹೇಳಿಬಿಡುತ್ತೇವೆ. 2023ರಿಂದ ಕಡ್ಡಾಯವಾದ ನಿರುದ್ಯೋಗ ವಿಮೆಗೆ ಸತತ 12 ತಿಂಗಳು ಕಟ್ಟಿದ್ದು, ಕಂಪೆನಿಯೇ ತೆಗೆದುಹಾಕಿದ್ದಾದರೆ, ಮೂಲ ವೇತನದ ಶೇ. 60 ಮೂರು ತಿಂಗಳ ತನಕ ಸಿಗುತ್ತದೆ. ಅರ್ಜಿಗೆ 30 ದಿನದ ಗಡುವು. ರಾಜೀನಾಮೆ ಕೊಟ್ಟರೆ ಇಲ್ಲ. ಆದ್ದರಿಂದ ಎಚ್‌ಆರ್‌ನವರು "ನೀವೇ ರಾಜೀನಾಮೆ ಬರೆಯಿರಿ" ಎಂದಾಗ ಪೆನ್ನು ತೆಗೆಯುವ ಮೊದಲು ಯೋಚಿಸಿ. ಇನ್ನು ಗ್ರಾಚ್ಯುಟಿ. ಅದು ಸಾಲ ಇರುವ ಬ್ಯಾಂಕಿನ ಸಂಬಳದ ಖಾತೆಗೆ ಬಂದರೆ ಬ್ಯಾಂಕು ಅಲ್ಲಿಯೇ ಹಿಡಿದಿಟ್ಟುಕೊಳ್ಳಬಹುದು. ಅದನ್ನೇ ನಂಬಿ ಊರಿನಲ್ಲಿ ಯಾರಿಗೂ ತಾರೀಕು ಕೊಡಬೇಡಿ.

ಈಗ ಮನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು.

ಕಂತು ತಪ್ಪಿ 90 ದಿನ ದಾಟಿದರೆ ಆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆಮೇಲೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯ ಕಲಂ 13(2)ರ ನೋಟೀಸು ಕಳಿಸುತ್ತದೆ. ಅದರಲ್ಲಿ ಬಾಕಿ ಕಂತು ಮಾತ್ರ ಅಲ್ಲ, ಇಡೀ ಸಾಲವನ್ನು 60 ದಿನದಲ್ಲಿ ಕಟ್ಟಿ ಎಂದು ಬರೆದಿರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಕೈಚೆಲ್ಲುವವರು ಉಂಟು. ಈ 60 ದಿನದ ಒಳಗೆ ನೀವು ಲಿಖಿತ ಆಕ್ಷೇಪ ಅಥವಾ ಮನವಿ ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರ ಕೊಡಲೇಬೇಕು. 60 ದಿನ ಕಳೆದರೆ ಬ್ಯಾಂಕು ಕೋರ್ಟಿಗೆ ಹೋಗದೆ ಮನೆಯ ಸ್ವಾಧೀನದ ನೋಟೀಸು ಬಾಗಿಲಿಗೆ ಅಂಟಿಸಬಹುದು, ಪತ್ರಿಕೆಯಲ್ಲಿ ಹಾಕಬಹುದು. ಅದರ ವಿರುದ್ಧ 45 ದಿನದಲ್ಲಿ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು ಅವಕಾಶ ಇದೆ. ಆಮೇಲೆ ಬೆಲೆ ಕಟ್ಟುವುದು, ಹರಾಜಿನ ಪ್ರಕಟಣೆ. 2016ರ ತಿದ್ದುಪಡಿಯ ನಂತರ, ಹರಾಜಿನ ಪ್ರಕಟಣೆ ಹೊರಬರುವ ಮೊದಲು ಪೂರ್ತಿ ಹಣ ಕಟ್ಟಿದರೆ ಮಾತ್ರ ಮನೆ ಬಿಡಿಸಿಕೊಳ್ಳುವ ಹಕ್ಕು. ಮೊದಲು ಹರಾಜಿನ ದಿನದವರೆಗೂ ಸಮಯ ಇರುತ್ತಿತ್ತು. 2023ರಲ್ಲಿ ಸುಪ್ರೀಂ ಕೋರ್ಟು ಸೆಲಿರ್ ಪ್ರಕರಣದಲ್ಲಿ ಇದನ್ನು ಗಟ್ಟಿ ಮಾಡಿದೆ. "ಕೊನೆಗೆ ನೋಡುವ" ಎನ್ನುವ ನಮ್ಮ ಅಭ್ಯಾಸಕ್ಕೆ ಈಗ ಜಾಗ ಇಲ್ಲ. ಸಹಕಾರಿ ಬ್ಯಾಂಕಿನ ಸಾಲ, ಅದಕ್ಕೆ ಇದೆಲ್ಲ ಇಲ್ಲ ಎನ್ನುವವರಿಗೂ ಹೇಳುತ್ತೇವೆ: 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸಹಕಾರಿ ಬ್ಯಾಂಕುಗಳಿಗೂ ಈ ಕಾಯ್ದೆ ಅನ್ವಯ ಎಂದಿದೆ.

ಈ ಎಲ್ಲ ದಿನಗಳ ಲೆಕ್ಕ ಶುರುವಾಗುವುದು ಒಂದು ರಿಜಿಸ್ಟರ್ಡ್ ಪೋಸ್ಟಿನಿಂದ. ಅದು ಬರುವುದು ದುಬೈಗೆ ಅಲ್ಲ, ಊರಿನ ವಿಳಾಸಕ್ಕೆ. ಸಹಿ ಹಾಕಿ ತೆಗೆದುಕೊಳ್ಳುವುದು ಉಮ್ಮ ಅಥವಾ ಹೆಂಡತಿ. ಇಂಗ್ಲಿಷಿನ ಆರೇಳು ಪುಟ. "ಬ್ಯಾಂಕಿನದ್ದು, ಅವರು ಬಂದಾಗ ನೋಡಲಿ" ಅಂತ ಕಪಾಟಿನ ಮೇಲೆ ಇಡುತ್ತಾರೆ. ನಾವು ಹೇಳಿದ ಬಂಟ್ವಾಳದವರ ಮನೆಯಲ್ಲಿ ಆದದ್ದು ಇದೇ. ನೋಟೀಸು ಬಂದು ಏಳು ವಾರ ಆದಮೇಲೆ, ಶಾಲೆಗೆ ಹೋಗುವ ಮಗಳು ಅದನ್ನು ತೆಗೆದು ಓದಿ ಬಾಪನಿಗೆ ಫೋಟೋ ಕಳಿಸಿದಳು. ಗಡುವಿಗೆ ಉಳಿದದ್ದು 11 ದಿನ. ಆ ಹೆಂಡತಿ ಸಾಲಕ್ಕೆ ಸಹ-ಸಾಲಗಾರ್ತಿ. ಸಹಿ ಅವಳದ್ದೂ ಇದೆ, ಜವಾಬ್ದಾರಿ ಅವಳದ್ದೂ ಇದೆ, ಕಂತು ನಿಂತ ಸುದ್ದಿ ಮಾತ್ರ ಅವಳಿಗೆ ಇಲ್ಲ. ಚಿಂತೆ ಮಾಡುತ್ತಾಳೆ ಅಂತ ಹೇಳಲಿಲ್ಲವಂತೆ. ಇದನ್ನು ಪ್ರೀತಿ ಎಂದು ಕರೆಯಲು ನಾವು ತಯಾರಿಲ್ಲ.

ಮನೆ ಉಳಿಸುವುದಕ್ಕೆ ಒಳ್ಳೆಯ ಸಮಯ 90 ದಿನ ಆಗುವ ಮೊದಲು. ಆಗ ಬ್ಯಾಂಕಿಗೆ ಹೋಗಿ ಅವಧಿ ಹೆಚ್ಚಿಸಿ ಎಂದು ಕೇಳಿದರೆ ಕಿವಿಗೊಡುತ್ತಾರೆ. ಇವರ ಸಾಲದಲ್ಲಿ ನಾಲ್ಕು ವರ್ಷ ಕಟ್ಟಿ ಸುಮಾರು 29.6 ಲಕ್ಷ ಬಾಕಿ, 11 ವರ್ಷ ಉಳಿದಿತ್ತು. ಅದನ್ನು 15 ವರ್ಷ ಮಾಡಿದರೆ ಕಂತು 35,000ದಿಂದ 29,600ಕ್ಕೆ ಇಳಿಯುತ್ತದೆ. ಪುಕ್ಕಟೆ ಅಲ್ಲ, ಕೊನೆಯವರೆಗೆ ಕಟ್ಟಿದರೆ ಒಟ್ಟು ಏಳು ಲಕ್ಷ ಹೆಚ್ಚಾಗುತ್ತದೆ. ಆದರೆ ಈಗ ನೋಡಿ: ಕಾರಿನ ಕಂತು 1,380 ದಿರ್ಹಮ್ ಅಂದರೆ 31,700 ರೂಪಾಯಿ. ಕಾರು ಮಾರಿದ ಮರುತಿಂಗಳಿನಿಂದ ಕಾರಿನ ಕಂತೇ ಮನೆಯ ಕಂತಾಗುತ್ತದೆ. ಪೆಟ್ರೋಲ್, ಸಾಲಿಕ್, ಇನ್ಶೂರೆನ್ಸ್ ಬಸ್ಸಿನ ಟಿಕೇಟಿಗೆ ಮತ್ತು ಕ್ರೆಡಿಟ್ ಕಾರ್ಡಿಗೆ ಸಾಕು. ಕಾಗದದ ಮೇಲೆ ಇದನ್ನು ಬರೆದು ತೋರಿಸಿದಾಗ ಅವರು ಸುಮಾರು ಹೊತ್ತು ಮಾತಾಡಲಿಲ್ಲ.

90 ದಿನ ದಾಟಿದ ಮೇಲೆ ಸ್ವಲ್ಪ ಸ್ವಲ್ಪ ಕಟ್ಟಿದರೆ ಸಾಲ ಮತ್ತೆ ಒಳ್ಳೆಯ ಸಾಲ ಆಗುವುದಿಲ್ಲ. ಆರ್‌ಬಿಐ 2021ರ ನವೆಂಬರಿನಲ್ಲಿ ಸ್ಪಷ್ಟ ಮಾಡಿದೆ: ಬಾಕಿ ಇರುವ ಅಸಲು, ಬಡ್ಡಿ ಪೂರ್ತಿ ಕಟ್ಟಿದರೆ ಮಾತ್ರ. ಒಂದು ಕಂತು ಕಟ್ಟಿ "ಈಗ ಸುಮ್ಮನಿರುತ್ತಾರೆ" ಅಂದುಕೊಂಡರೆ ಆ ಹಣವೂ ಹೋಗಿ ನೋಟೀಸೂ ನಿಲ್ಲುವುದಿಲ್ಲ. ನೋಟೀಸು ಬಂದ ಮೇಲೆ ಬಾಕಿ ಕಂತು ಪಡೆದು ಸಾಲವನ್ನು ಹಳಿಗೆ ತರಲು ಒಪ್ಪುವುದು ಬ್ಯಾಂಕಿನ ವಿವೇಚನೆ. ಹೆಚ್ಚಾಗಿ ಒಪ್ಪುತ್ತಾರೆ, ಅವರಿಗೂ ಮನೆ ಹರಾಜು ಹಾಕುವುದು ತಲೆನೋವೇ. ಮಾತಾಡಿದ್ದನ್ನು ಮಾತ್ರ ಬರಹದಲ್ಲಿ ತೆಗೆದುಕೊಳ್ಳಿ. ವಸೂಲಿಯವರು ಮನೆಯ ಹೆಂಗಸರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡುವುದಾದರೆ, ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು ಎಂಬ ಆರ್‌ಬಿಐಯ 2022ರ ಸೂಚನೆ ಇದೆ. ಸಾಲ ಬಾಕಿ ಇದೆ ಅಂತ ಮರ್ಯಾದೆ ಅಡವಿಟ್ಟದ್ದಲ್ಲ.

ಇಲ್ಲಿ ಕೆಲವರಿಗೆ ಒಂದು ಜಾಣತನ ಹೊಳೆಯುತ್ತದೆ. ಮನೆಯನ್ನು ಹೆಂಡತಿಯ ಹೆಸರಿಗೋ ಭಾವನ ಹೆಸರಿಗೋ ದಾನಪತ್ರ ಮಾಡಿಬಿಡುವುದು. ಬ್ಯಾಂಕಿನ ಅಡಮಾನ ಇರುವ ಮನೆ ಯಾರ ಹೆಸರಿಗೆ ಹೋದರೂ ಅಡಮಾನ ಹಿಂದೆಯೇ ಹೋಗುತ್ತದೆ. ಅಡಮಾನ ಇಲ್ಲದ ಜಾಗ ಆದರೂ, ಆಮೇಲೆ ದಿವಾಳಿ ಅರ್ಜಿ ಹಾಕಿದರೆ ಅದರ ಹಿಂದಿನ ಎರಡು ವರ್ಷದಲ್ಲಿ ಹೀಗೆ ಕೊಟ್ಟದ್ದನ್ನು ರದ್ದು ಮಾಡಿಸಬಹುದು. ಊರಿನಲ್ಲಿ ಸಂಬಳದವರ ದಿವಾಳಿಗೆ ಇಂದಿಗೂ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. 2016ರ ಹೊಸ ಸಂಹಿತೆಯಲ್ಲಿ ವ್ಯಕ್ತಿಗಳ ಅಧ್ಯಾಯ ಇದ್ದರೂ, ಕಂಪೆನಿ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದವರಿಗೆ ಮಾತ್ರ ಜಾರಿಗೆ ತಂದಿದ್ದಾರೆ. 500 ರೂಪಾಯಿ ಸಾಲ ಇದ್ದವನು ಪಾಪರ್ ಅರ್ಜಿ ಹಾಕಬಹುದು ಎನ್ನುವ ಕಾಲದ ಕಾಯ್ದೆ ಅದು. ಅದರಲ್ಲಿಯೂ ಕಲಂ 28 ಸ್ಪಷ್ಟವಾಗಿ ಹೇಳುತ್ತದೆ, ಅಡಮಾನ ಹಿಡಿದವನ ಹಕ್ಕಿಗೆ ಧಕ್ಕೆ ಇಲ್ಲ ಅಂತ. ಒಂದು ಸಮಾಧಾನ ಮಾತ್ರ ಉಂಟು. ಕಟ್ಟಲು ನಿಜವಾಗಿ ಗತಿಯಿಲ್ಲದವನನ್ನು ಸಾಲಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಎಂದು 1980ರಲ್ಲಿಯೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದ್ದಾರೆ. ಅದು ಗತಿಯಿಲ್ಲದವನಿಗೆ. ದಾನಪತ್ರ ಮಾಡಿ ಕೂತವನಿಗೆ ಅಲ್ಲ.

ಎರಡನೆಯ ಜಾಣತನ ಗೆಳೆಯರನ್ನು ಎಳೆಯುವುದು. ಕಾರು ಉಳಿಸಲು ರೂಮಿನವನ ಹೆಸರಲ್ಲಿ ಸಾಲ, ಅವನ ಕಂತು ತಪ್ಪಿದಾಗ ಮತ್ತೊಬ್ಬನ ಕಾರ್ಡು. ಒಬ್ಬನ ದಿವಾಳಿ ಮೂರು ಮನೆಯ ದಿವಾಳಿ ಆದದ್ದನ್ನು ಕಂಡಿದ್ದೇವೆ. ನಮ್ಮಲ್ಲಿ ಇಲ್ಲ ಎನ್ನಲಿಕ್ಕೆ ನಾಚಿಕೆ, ಅದಕ್ಕೇ ಸಹಿ ಹಾಕುತ್ತಾರೆ. ಗೆಳೆಯನಿಗೆ 500 ದಿರ್ಹಮ್ ಕೊಟ್ಟು ಮರೆತುಬಿಡಿ, ಸಹಿ ಮಾತ್ರ ಹಾಕಬೇಡಿ. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು ವರ್ಗ. ರಮಳಾನ್ ತಿಂಗಳಲ್ಲಿ ನಾವು ಹಂಚುವ ಪಟ್ಟಿಯಲ್ಲಿ ಅವರ ಹೆಸರು ಎಷ್ಟು ಸಲ ಇರುತ್ತದೆ? ಸಂಬಳದವನು, ಕಾರಿನವನು ಕೈಚಾಚಲಾರ. ನಾವೂ ಕೇಳಲಾರೆವು. ಇದರ ಬಗ್ಗೆ ನಮ್ಮ ಘಟಕಗಳಲ್ಲಿ ಮಾತಾಡಬೇಕು. ಹೆಸರು ಹೊರಗೆ ಬಾರದ ಹಾಗೆ ಮನೆಯ ಎರಡು ಕಂತು ಕಟ್ಟುವ ಒಂದು ವ್ಯವಸ್ಥೆ ಮಾಡಲಿಕ್ಕೆ ನಮಗೆ ಆಗದಷ್ಟು ಕಷ್ಟವೇನಿಲ್ಲ.

ಎಲ್ಲ ಮನೆಯನ್ನೂ ಉಳಿಸಬೇಕು ಎಂದು ನಾವು ಹೇಳುತ್ತಿಲ್ಲ. ತಲೆಬರಹ ಹಾಗಿದೆ, ಆದರೂ ಒಂದು ಮಾತು ಸೇರಿಸಲೇಬೇಕು. ನಾಲ್ಕು ಬೆಡ್‌ರೂಮು, ಎದುರಿಗೆ ದೊಡ್ಡ ಕಂಬಗಳು, ಒಳಗೆ ಇರುವುದು ಉಮ್ಮ ಒಬ್ಬರೇ. ಅಂಥ ಮನೆಗೆ ಸಂಬಳದ ಅರ್ಧ ಹೋಗುವುದಾದರೆ, ಕಾರು ಮಾರಿದರೂ ಲೆಕ್ಕ ಕೂಡದಿದ್ದರೆ, ಆ ಮನೆಯನ್ನು ನೀವೇ ಮಾರಿ. ಬ್ಯಾಂಕಿನ ಒಪ್ಪಿಗೆ ಪಡೆದು, ನಿಮ್ಮ ಬೆಲೆಗೆ, ನೋಟೀಸು ಬರುವ ಮೊದಲು. ಸಾಲ ತೀರಿ ಉಳಿದದ್ದರಲ್ಲಿ ಐದು ಸೆಂಟ್ಸಿನಲ್ಲಿ ಸಣ್ಣ ಹೆಂಚಿನ ಮನೆ ಆದರೂ ಆಗುತ್ತದೆ. ಹರಾಜಿನಲ್ಲಿ ಹೋದರೆ ಅದೂ ಇಲ್ಲ. ಮೇಲಿನ ಮಾಳಿಗೆ ಬಾಡಿಗೆಗೆ ಕೊಟ್ಟು ಕಂತು ಕಟ್ಟುವವರನ್ನೂ ಕಂಡಿದ್ದೇವೆ. ಬಾಡಿಗೆಯವರು ಬಂದರೆ ಮನೆಯ ಅಂದ ಕೆಡುತ್ತದೆ ಅಂತ ಒಪ್ಪದವರನ್ನೂ.

ಬಂಟ್ವಾಳದವರ ಕಾರು ಒಂಬತ್ತು ದಿನದಲ್ಲಿ ಹೋಯಿತು. ಕೈಗೆ ಬಂದ 5,900 ದಿರ್ಹಮ್ ಸುಮಾರು 1.36 ಲಕ್ಷ ರೂಪಾಯಿ. ಬಾಕಿ ಕಂತು 1.4 ಲಕ್ಷ, ಮೇಲೆ ದಂಡದ ಬಡ್ಡಿ, ನೋಟೀಸಿನ ಖರ್ಚು. ಕಡಿಮೆ ಬಿದ್ದದ್ದಕ್ಕೆ ಹೆಂಡತಿ ಒಂದು ಬಳೆ ಕೊಟ್ಟಳು. ಕೊಡುವ ಮೊದಲು ಫೋನಿನಲ್ಲಿ ಅರ್ಧ ಗಂಟೆ ಬೈದಳಂತೆ, ನ್ಯಾಯವೇ. ಬ್ಯಾಂಕಿನ ಮ್ಯಾನೇಜರರು ಹಣ ಕಟ್ಟಿಸಿಕೊಂಡು ಮುಂದಿನ ಕ್ರಮ ತಡೆದಿದ್ದಾರೆ, ಅವಧಿ ಹೆಚ್ಚಿಸುವ ಅರ್ಜಿ ಇನ್ನೂ ಮೇಲಿನ ಕಚೇರಿಯಲ್ಲಿದೆ. ಪರ್ಸನಲ್ ಲೋನು ಹಾಗೆಯೇ ಉಂಟು. ಅವರು ಈಗ ಬೆಳಿಗ್ಗೆ ಐದೂವರೆಗೆ ಶಾರ್ಜಾ ಬಸ್ಸಿನ ಸಾಲಿನಲ್ಲಿ ನಿಲ್ಲುತ್ತಾರೆ. ಕಾರು ಎಲ್ಲಿ ಎಂದು ರೂಮಿನಲ್ಲಿ ಕೇಳಿದವರಿಗೆ ಮೊದಲ ವಾರ ಗ್ಯಾರೇಜಿನಲ್ಲಿ ಉಂಟು ಎಂದರಂತೆ, ಎರಡನೆಯ ವಾರ ಮಾರಿದೆ ಎಂದರಂತೆ.

ಭಾನುವಾರ ಬರುವವರು ಎಲ್ಲ ಬ್ಯಾಂಕುಗಳ ಬಾಕಿಯ ಪತ್ರ, ಮೂರು ತಿಂಗಳ ಸಂಬಳದ ಸ್ಲಿಪ್, ಕ್ರೆಡಿಟ್ ಬ್ಯೂರೋದ ವರದಿ ತನ್ನಿ. ಊರಿನಿಂದ ಹೋಮ್ ಲೋನಿನ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ. ಕಪಾಟಿನ ಮೇಲೆ ಒಡೆಯದ ಲಕೋಟೆ ಏನಾದರೂ ಉಂಟಾ ಅಂತ ಇವತ್ತೇ ಮನೆಗೆ ಫೋನ್ ಮಾಡಿ ಕೇಳಿ.